ಕಂಬದ ಬುಡದ ಜಾಗ

ಸೆಟೆಸ್‌ದಾಲ್ ಕಣಿವೆಯಲ್ಲಿ ದಿಮ್ಮಿಯ ಗೋಡೆ ಎದ್ದಿತೆಂದರೆ ಅಲ್ಲಿ ಗುನ್‌ವೋರಳ ಕೊಡಲಿ ಆಡಿರಲೇಬೇಕು. ಅರವತ್ತಮೂರರ ಬಡಗಿ, ಮಾತು ಕೊಡಲಿಗಿಂತ ಹರಿತ. ನಲವತ್ತು ವರ್ಷದಲ್ಲಿ ಅವಳ ಕೆಲಸಕ್ಕೆ ಯಾರೂ ಬೆರಳು ತೋರಿಸಿದ್ದಿಲ್ಲ. ತೋರಿಸಿದ್ದರೆ ಬೆರಳು ಉಳಿಯುತ್ತಿತ್ತೋ ಇಲ್ಲವೋ!

ಶಾಲೆಯಲ್ಲಿ ಪಾಠ ಹೇಳುವ ಓಸ್ನೆ ಎಂಬಾಕೆ ಹೊಸ ಮನೆ ಕಟ್ಟಿಸಲು ಹೊರಟಾಗ ನಕ್ಷೆ ಬರೆದವನು ಅವಳದೇ ಹಳೆಯ ಶಿಷ್ಯ ಐವಿಂಡ್. ಪಟ್ಟಣದಲ್ಲಿ ಓದಿ ಬಂದ ಅವನಿಗೆ ಇದು ಮೊದಲ ಮನೆ. ಹೊರಗಿನಿಂದ ಅಜ್ಜಂದಿರ ಕಾಲದ ದಿಮ್ಮಿ ಕಣಜದ ಆಕಾರ, ಹುಲ್ಲು ಬೆಳೆಯುವ ಮಾಡು. ಒಳಗೆ ಮಾತ್ರ ಅಡ್ಡಗೋಡೆಯಿಲ್ಲದ ದೊಡ್ಡ ಹಜಾರ, ನಡುವೆ ಒಂದೇ ಕಂಬ, ಆಳೆತ್ತರದ ಗಾಜಿನ ಕಿಟಕಿಗಳು.

ಗುನ್‌ವೋರ್ ಕಟ್ಟುವ ಕೆಲಸ ಒಪ್ಪಿಕೊಂಡು, ನಕ್ಷೆ ನೋಡಿ ನಕ್ಕಳು.

"ಏನಪ್ಪಾ, ಕಿಟಕಿ ಮೇಲೆ ಜಾಗಾನೇ ಬಿಟ್ಟಿಲ್ವಲ್ಲ! ದಿಮ್ಮಿ ಒಣಗ್ತಾ ಕುಗ್ಗುತ್ತೆ, ಗೋಡೆ ಕೆಳಗೆ ಕೂರುತ್ತೆ. ನಾಲ್ಕು ಬೆರಳು ಬಿಡದಿದ್ರೆ ನಿನ್ನ ಗಾಜು ಪುಡಿಪುಡಿ. ಕಾಲೇಜಲ್ಲಿ ಇದನ್ನ ಹೇಳ್ಕೊಡಲ್ವಾ?"

"ಹೇಳ್ಕೊಟ್ಟ ದಿನ ನಾನು ಹಿಮದಲ್ಲಿ ಜಾರಾಡೋಕೆ ಹೋಗಿದ್ದೆ ಅನ್ಸುತ್ತೆ," ಎಂದ ಐವಿಂಡ್. ನಕ್ಷೆ ತಿದ್ದಿಕೊಂಡು ಬಂದ. ಗುನ್‌ವೋರ್ ಈ ಕಥೆಯನ್ನು ತಿಂಗಳುಗಟ್ಟಲೆ ಕಾಫಿ ಕುಡಿದಲ್ಲೆಲ್ಲ ಹೇಳಿದಳು.

ಮನೆ ಮುಗಿದು ಎರಡನೆಯ ವಸಂತಕ್ಕೆ ಮಾಡು ನಡುವೆ ಗೂನು ಬಿತ್ತು. ಮೇಲಿನ ದಿಮ್ಮಿಗಳ ಸಂದಿನಲ್ಲಿ ಬೆಳಕು ಕಂಡಿತು. ಓಸ್ನೆ ಇಬ್ಬರನ್ನೂ ಕರೆಸಿ ಐವಿಂಡ್‌ನ ಮೇಲೆ ಹರಿಹಾಯ್ದಳು.

"ನಡುವೆ ಕಂಬ ಬೇಕು ಅಂದೋನು ನೀನೇ! ಈ ಕಣಿವೇಲಿ ಇನ್ನೊಬ್ಬರು ನಿನ್ನ ಹತ್ರ ಮನೆ ಬರೆಸದಂಗೆ ನೋಡ್ಕೋತೀನಿ."

ಹೇಳಿದ್ದನ್ನು ಮಾಡುವ ಹೆಂಗಸೇ ಅವಳು. ಐವಿಂಡ್ ನಕ್ಷೆ ಬಿಡಿಸಿ ತನ್ನ ತಪ್ಪು ಹುಡುಕತೊಡಗಿದ.

ಗುನ್‌ವೋರ್ ಕಂಬವನ್ನು ಒಂದು ಸುತ್ತು ಬಂದಳು. ಅಷ್ಟರಲ್ಲೇ ಎಲ್ಲ ತಿಳಿಯಿತು. ಮಲಗಿದ ದಿಮ್ಮಿ ದಪ್ಪದಲ್ಲಿ ಕುಗ್ಗುತ್ತದೆ, ನಿಂತ ಕಂಬ ಉದ್ದದಲ್ಲಿ ಕುಗ್ಗುವುದಿಲ್ಲ. ಗೋಡೆಗಳು ಕೆಳಗೆ ಕೂತಿದ್ದವು, ಮಾಡು ಮಾತ್ರ ಕಂಬದ ಮೇಲೆ ಸಿಕ್ಕಿಕೊಂಡಿತ್ತು. ಅವಳು ಕಟ್ಟಿದ ಹಳೆಯ ಬಗೆಯ ಮನೆಗಳಲ್ಲಿ ನಡುಗಂಬವೇ ಇರಲಿಲ್ಲ. ಕೈಗೆ ಆ ಪಾಠವಿರಲಿಲ್ಲ. ಕಂಬವನ್ನು ಬಿಗಿಯಾಗಿ ನಿಲ್ಲಿಸಿದ್ದು ಅವಳೇ. ಸುಮ್ಮನಿದ್ದರೆ ಸಾಕಿತ್ತು, ಯಾರೂ ಅವಳ ಕಡೆ ನೋಡುತ್ತಿರಲಿಲ್ಲ. ಹಾಗೆಂದು ಹೊಳೆದದ್ದಕ್ಕೇ ಅವಳಿಗೆ ತನ್ನ ಮೇಲೆ ಸಿಟ್ಟು ಬಂತು.

"ಓಸ್ನೆ, ಬೈಯೋದಾದ್ರೆ ನನ್ನ ಬೈಯಿ. ಕಂಬದ ಬುಡದಲ್ಲಿ ಜಾಗ ಬಿಡ್ಬೇಕಾಗಿದ್ದೋಳು ನಾನು. ಮರೆತಿದ್ದಲ್ಲ, ಹೊಳೀಲೇ ಇಲ್ಲ."

ಗುನ್‌ವೋರ್ ತೊಲೆಗೆ ಜಾಕ್ ಕೊಟ್ಟು, ಕಂಬದ ಬುಡ ಕೊಯ್ದು, ತೆಳು ಹಲಗೆಗಳನ್ನು ಒಂದರ ಮೇಲೊಂದು ತುರುಕಿದಳು. ಗೋಡೆ ಕೂತಂತೆಲ್ಲ ಇನ್ನು ವರ್ಷಕ್ಕೊಂದು ತೆಗೆದರಾಯಿತು. ಜಾಕ್ ಇಳಿಸುತ್ತಿದ್ದಂತೆ ಮನೆ ನರಳಿ ಕೂತಿತು. ಸಂದಿನ ಬೆಳಕು ಮುಚ್ಚಿತು.

ಐವಿಂಡ್ ಏನೋ ಹೇಳಲು ಬಂದ. ಅವಳು ಬಿಡಲಿಲ್ಲ.

"ಮುಂದಿನ ನಕ್ಷೇಲಿ ಕಂಬದ ಬುಡಕ್ಕೆ ಜಾಗ ತೋರ್ಸು. ಯಾವನಾದ್ರೂ ಬಡಗಿ ಆ ಜಾಗ ಬೇಡ ಅಂತ ಜಗಳ ತೆಗೆದ್ರೆ, ಗುನ್‌ವೋರ್ ಕೈಲೇ ತಪ್ಪಾಗಿತ್ತು ಅನ್ನು. ಆಮೇಲೆ ಅವನು ಬಾಯಿ ಬಿಡಲ್ಲ."