ಎರಡನೆಯ ಜಾವಳ

ಲೋಬಾನದ ಹೊಗೆಗೆ ಬಾಗಿಲು, ಕಿಟಕಿ ಎಂಬ ಭೇದವಿಲ್ಲ. ಹೋದ ಗುರುವಾರ ಬೀದರಿನ ನೌಬಾದಿನಲ್ಲಿರುವ ನಮ್ಮ ಓಣಿಯಲ್ಲಿ ಹಿಂದಿನ ಮನೆಯವರು ಕಂದೂರಿ ಮಾಡಿದರು. ದರ್ಗಾಕ್ಕೆ ಹರಕೆ ಹೊತ್ತು, ಅದು ಫಲಿಸಿದ ಮೇಲೆ ಮಂದಿಗೆ ಉಣಬಡಿಸುವುದಕ್ಕೆ ನಮ್ಮ ಕಡೆ ಕಂದೂರಿ ಎನ್ನುತ್ತಾರೆ. ಅವರು ಹಂಡೆ ಏರಿಸಿದರೆಂದರೆ ನಮ್ಮಂಥ ಸಪ್ಪೆ ಜನಕ್ಕೆ ಮಾಂಸವಿಲ್ಲದ ಪಾಲು, ಚಪಾತಿ ಮುರಿದು ಬೆಲ್ಲ ತುಪ್ಪದಲ್ಲಿ ಕಲಸಿದ ಮಲೀದಾ, ತಪ್ಪದೆ ಬರುತ್ತದೆ. ತಾಟು ಬರುವ ಮೊದಲೇ ಅದರ ವಾಸನೆ ಲೋಬಾನದ ಹೆಗಲೇರಿ ಬಂತು. ಓಣಿಯವರ ಬಾಯಲ್ಲಿ ನೀರೂರಿರಬೇಕು. ನನಗೆ ಡಾಕ್ಟರ್ ಬಾಯಿ ನೆನಪಾದರು...

ಹೆಂಗಸರನ್ನು ಗೌರವದಿಂದ ಬಾಯಿ ಎನ್ನುವುದು ನಮ್ಮ ಕಡೆಯ ರೂಢಿ. ಅವರು ಕೆಲವು ವರ್ಷಗಳ ಹಿಂದೆ ನಮ್ಮ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದರು. ಮೈಸೂರು ಕಡೆಯವರು. ಹೈದರಾಬಾದಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಮಕ್ಕಳ ರಕ್ತದ ಕ್ಯಾನ್ಸರ್ ಬಗ್ಗೆ ಸಂಶೋಧನೆ ಮಾಡುತ್ತಿದ್ದವರು. ತಿಂಗಳಲ್ಲಿ ಅರ್ಧ ಅಲ್ಲಿ ಚಿಕಿತ್ಸೆಗೆ, ಅರ್ಧ ಇಲ್ಲಿ ಆ ಮಕ್ಕಳ ಮನೆಗಳನ್ನು ಹುಡುಕಲು. ಸಂಶೋಧನೆಯೆಂದರೆ ಸೂಕ್ಷ್ಮದರ್ಶಕ, ಬಿಳಿಯ ಇಲಿ ಎಂದುಕೊಂಡಿದ್ದ ನಾನು, ಅವರು ಬೆಳಗಾದರೆ ಬುತ್ತಿ ಕಟ್ಟಿಕೊಂಡು ಹಳ್ಳಿಯ ಬಸ್ಸು ಹಿಡಿಯಲು ಬಸ್ ಸ್ಟ್ಯಾಂಡಿಗೆ ಹೊರಡುವುದನ್ನು ಕಂಡು ಒಳಗೊಳಗೇ ನಿರಾಶನಾಗಿದ್ದೆ.

ಅವರ ಪ್ರಶ್ನೆ ಒಂದೇ. ಈ ರೋಗದ ಮಕ್ಕಳಿಗೆ ಮೊದಲ ತಿಂಗಳುಗಳಲ್ಲಿ ಘೋರ ಚಿಕಿತ್ಸೆ: ಬೆನ್ನಿಗೆ ಸೂಜಿ, ವಾಂತಿ, ಜ್ವರ, ಕೂದಲೆಲ್ಲ ಉದುರುವುದು. ಅದನ್ನು ದಾಟಿದ ಮೇಲೆ ಮನೆಯಲ್ಲೇ ಕೂತು ಎರಡು ವರ್ಷದ ಹತ್ತಿರ ಮಾತ್ರೆ ನುಂಗಬೇಕು. ರಕ್ತ ಪರೀಕ್ಷೆಯ ಕಣ್ಣಿಗೂ ಬೀಳದಂತೆ ಅಡಗಿ ಕೂತ ರೋಗವನ್ನು ಕೊಲ್ಲುವುದು ಆ ಮಾತ್ರೆ. ನಿಲ್ಲಿಸಿದರೆ ಅದು ಮರಳಿ ಬರುತ್ತದೆ. ಮರಳಿ ಬಂದದ್ದು ಮದ್ದಿನ ಮಾತು ಕೇಳುವುದಿಲ್ಲ. “ಸೂಜಿಗೆ ಹೆದರಿ ಓಡಿಹೋಗದವರು ಮಾತ್ರೆಗೆ ಯಾಕೆ ಓಡಿಹೋಗ್ತಾರೆ ಸಾರ್?” ಎಂದು ನನ್ನನ್ನು ಕೇಳಿದರು. ಮೂವತ್ತು ವರ್ಷ ವ್ಯಾಕರಣ ಕಲಿಸಿದವನಿಗೆ ಉತ್ತರ ಗೊತ್ತಿರುತ್ತದೆಂದು ಅವರು ಭಾವಿಸಿದ್ದು ನನಗೆ ಸಂದ ದೊಡ್ಡ ಗೌರವ. ಉತ್ತರದ ಬದಲಿಗೆ, ಮೈಸೂರು ಕನ್ನಡದಿಂದ ಬೀದರ ಕನ್ನಡಕ್ಕೆ ಅನುವಾದಕನೆಂದು ನನ್ನನ್ನು ನಾನೇ ನೇಮಿಸಿಕೊಂಡು ಅವರ ಬೆನ್ನು ಹತ್ತಿದೆ.

ಭಾಲ್ಕಿಯ ಒಂದು ಓಣಿಯಲ್ಲಿ ನಮ್ಮನ್ನು ಕಂಡು ಹೆಂಗಸರು ಪಟಪಟನೆ ಬಾಗಿಲು ಹಾಕಿಕೊಂಡರು. ಕುಟುಂಬ ಯೋಜನೆಯವರು ಬಂದರೆಂಬ ಸುದ್ದಿ ನಮಗಿಂತ ಮುಂದೆ ಓಡಿತ್ತು. ಕಡೆಗೆ ಒಬ್ಬಾಕೆ ಬಾಗಿಲ ಸಂದಿಯಿಂದ ನನ್ನ ಬಿಳಿಗೂದಲು ನೋಡಿ, “ಇವರಿಗಂತೂ ಆಪರೇಷನ್ ಜರೂರ ಇಲ್ಲ ಬಿಡ್ರಿ” ಎಂದು ತೀರ್ಪು ಕೊಟ್ಟ ಮೇಲೆ ಒಳಗೆ ಬಿಟ್ಟುಕೊಂಡರು. ಡಾಕ್ಟರ್ ಬಾಯಿ ದಾರಿಯುದ್ದಕ್ಕೂ ನಕ್ಕರು. ಅವರು ಅಷ್ಟು ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ಉತ್ತರ ಸಿಕ್ಕಿದ್ದು ಔರಾದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಅಲ್ಲಿಯ ಹುಡುಗಿಯೊಬ್ಬಳು ಅವರ ಕೈಯಲ್ಲೇ ಚಿಕಿತ್ಸೆ ಪಡೆದವಳು. ಆರೇಳು ವರ್ಷದ ಚೂಟಿ. ಸೂಜಿ ಹಾಕುವಾಗ ಅಳದೆ ನರ್ಸಮ್ಮನಿಗೇ ಬೈಯುತ್ತಿದ್ದಳಂತೆ. ಅವಳ ಅಜ್ಜಿ ಹೈದರಾಬಾದಿಗೆ ಫೋನ್ ಮಾಡಿಸಿ, ಕಾರ್ಯಕ್ರಮ ಇದೆ, ಬರಲೇಬೇಕೆಂದು ಕರೆದಿದ್ದಳು. ಜನವಾಡದ ಮೇಲೆ ಹೋಗುವ ಔರಾದ ಬಸ್ಸಿನಲ್ಲಿ ನಾನೂ ಜೊತೆಗೆ ಹೋದೆ. ಊರ ಹೊರಗಿನ ದಿಬ್ಬದ ಮೇಲೆ ದರ್ಗಾ. ಹಂಡೆ ಕುದಿಯುತ್ತಿತ್ತು, ಲೋಬಾನ ಉರಿಯುತ್ತಿತ್ತು. ಅಜ್ಜಿ ಡಾಕ್ಟರ್ ಬಾಯಿಗೆ ಶಾಲು ಹೊದಿಸಿ, ಹಾರ ಹಾಕಿ, ಎಲ್ಲರ ನಡುವೆ ಕುರ್ಚಿಯಲ್ಲಿ ಕೂಡಿಸಿದಳು. ಅನುವಾದಕನಿಗೂ ಒಂದು ಟವೆಲ್ಲು ಸಂದಿತು.

ಹುಡುಗಿ ನುಣ್ಣಗಿನ ತಲೆಗೆ ಗಂಧ ಹಚ್ಚಿಕೊಂಡು ಓಡಿಬಂದಳು. ಡಾಕ್ಟರ್ ಬಾಯಿ ಗಾಬರಿಯಾದದ್ದು ನೋಡಿ ಅವಳಿಗೆ ಖುಷಿಯೋ ಖುಷಿ.

“ಅಂಜಬ್ಯಾಡ್ರಿ, ಇದು ಉದುರಿದ್ದಲ್ರಿ! ಬೋಳಿಸಿದ್ದು!”

ಸಂಗತಿ ಇಷ್ಟು. ಕೂದಲು ಉದುರಿದಾಗ ತಾಯಂದಿರು ಆಸ್ಪತ್ರೆಯಲ್ಲಿ ಎದೆ ಬಡಿದುಕೊಂಡು ಅಳುತ್ತಾರೆ. ಆಗ ಡಾಕ್ಟರ್ ಬಾಯಿ ಒಬ್ಬೊಬ್ಬರ ಕೈ ಹಿಡಿದು, “ಕೂದಲು ಮತ್ತೆ ಬರುತ್ತಮ್ಮ” ಎನ್ನುತ್ತಿದ್ದರು. ಅದನ್ನು ನೆಚ್ಚಿಕೊಂಡು ಅಜ್ಜಿ ಹರಕೆ ಹೊತ್ತಿದ್ದಳು: ಕೂದಲು ಬರಲಿ, ಹುಟ್ಟುಗೂದಲು ತೆಗೆದಂತೆಯೇ ಎರಡನೆಯ ಜಾವಳ ತೆಗೆಸಿ ಕಂದೂರಿ ಮಾಡುತ್ತೇನೆ ಎಂದು. ಕೂದಲು ಬರುವುದು ಯಾವಾಗ? ಸೂಜಿ ಮುಗಿದು ಮಾತ್ರೆ ಶುರುವಾದಾಗ. ಕೂದಲು ಬಂತು, ಜಾವಳವಾಯಿತು, ದೇವರ ಲೆಕ್ಕದಲ್ಲಿ ಮಗು ಹೊಸದಾಗಿ ಹುಟ್ಟಿತು. ಹೊಸ ಮಗುವಿಗೆ ಹಳೆಯ ರೋಗದ ಮಾತ್ರೆ ಯಾಕೆ?

“ಮಾತ್ರೆ ಕೊಡ್ತಿದ್ದೀರಲ್ವಾ ಅಜ್ಜಿ?” ಎಂದರು ಡಾಕ್ಟರ್ ಬಾಯಿ.

“ಹರಕಿ ತೀರಿದ ಮ್ಯಾಲ ಗುಳಿಗಿ ನುಂಗಿಸಿದ್ರ ಪೀರನ ಮ್ಯಾಲ ಅನುಮಾನ ಪಟ್ಟಂಗ ಆಗ್ತದ ಬಾಯಿ. ನೀವs ಅಂದಿದ್ರಿ, ಕೂದಲ ಬರ್ತದ ಅಂತ. ಬಂತಲ್ಲ! ನಿಮ್ಮ ಬಾಯಾಗ ಸಕ್ಕರಿ ಬೀಳ್ಲಿ.”

ನಿಜವಾಗಿಯೂ ಒಂದು ತುತ್ತು ಮಲೀದಾ ಅವರ ಬಾಯಿಗಿಟ್ಟಳು.

ಡಾಕ್ಟರ್ ಬಾಯಿ ಅದನ್ನು ನುಂಗಿಕೊಂಡು ಬೇಡತೊಡಗಿದರು. ರೋಗ ಇನ್ನೂ ಒಳಗಿದೆ ಎಂದರು. ದೇವರು ಬೇಡವೆಂದಿಲ್ಲ, ಮಾತ್ರೆಯೂ ಇರಲಿ ಎಂದರು. ಕುರ್ಚಿ ಬಿಟ್ಟು ಅಜ್ಜಿಯ ಕಾಲಿನ ಹತ್ತಿರ ನೆಲಕ್ಕೆ ಕೂತರು. ನಾನು ಪ್ರತಿಯೊಂದನ್ನೂ ಎರಡೆರಡು ಸಲ ನಮ್ಮ ಭಾಷೆಯಲ್ಲಿ ಹೇಳಿದೆ. ಹಾರ ಹಾಕಿಸಿಕೊಂಡ ಅತಿಥಿ ಕಣ್ಣೀರು ಹಾಕುವುದು ಅಪಶಕುನವೆಂದು ಅಜ್ಜಿಗೆ ಕಸಿವಿಸಿಯಾಯಿತು. “ಹೂಂ ರಿ, ಕೊಡ್ತೇವ್ರಿ, ಮದ್ಲ ಊಟ ಮಾಡ್ರಿ” ಎಂದಳು.

ಮರಳುವಾಗ ಬಸ್ಸಿನಲ್ಲಿ ನಾನು ಮೆಲ್ಲಗೆ ಹೇಳಿದೆ, “ಅದು ಮರ್ಯಾದೆಯ ಹೂಂ.”

“ಗೊತ್ತಾಯ್ತು ಸಾರ್” ಎಂದರು. ಶಾಲು ಮಡಿಚುತ್ತಿದ್ದರು, ಬಿಚ್ಚುತ್ತಿದ್ದರು, ಮತ್ತೆ ಮಡಿಚುತ್ತಿದ್ದರು...

ಆಮೇಲೂ ಅವರು ಔರಾದಿಗೆ ಹೋದರು. ಹೋದಾಗಲೆಲ್ಲ ಚಹಾ ಸಿಕ್ಕಿತು, ಹೂಂ ಸಿಕ್ಕಿತು. ಹುಡುಗಿಯ ಕೂದಲು ಕಿವಿ ಮುಚ್ಚುವಷ್ಟು ಬೆಳೆದಾಗ ಜ್ವರ ಬಂತು. ಹೈದರಾಬಾದಿಗೆ ಕರೆದೊಯ್ದರು. ಈ ಸಲ ಕೂದಲು ಉದುರುವಷ್ಟೂ ಪುರಸೊತ್ತು ಸಿಗಲಿಲ್ಲ.

ಸಂಶೋಧನೆ ಮುಗಿಯಿತು. ಎಷ್ಟೋ ಮನೆಗಳಲ್ಲಿ ತಮ್ಮ ಸಮಾಧಾನದ ಮಾತೇ ಹರಕೆಗೆ ಮುಹೂರ್ತ ಇಟ್ಟುಕೊಡುತ್ತಿತ್ತೆಂದು ಡಾಕ್ಟರ್ ಬಾಯಿ ಬರೆದರು, ವಿದ್ವಾಂಸರು ಮೆಚ್ಚಿದರಂತೆ. ಅಂದಿನಿಂದ ಮಾತು ಬದಲಿಸಿದರು: “ಕೂದಲು ಬಂದರೂ ರೋಗ ಹೋಗಿರೋದಿಲ್ಲ.” ಅದನ್ನು ಕೇಳಿದ ಭಾಲ್ಕಿ ಕಡೆಯ ಒಬ್ಬ ತಂದೆ, ಹೋಗದ ರೋಗಕ್ಕೆ ಮಗುವನ್ನು ಯಾಕೆ ಚುಚ್ಚಿಸಲಿ ಎಂದು ಮೊದಲ ವಾರವೇ ಮಗನನ್ನು ಎತ್ತಿಕೊಂಡು ಊರಿಗೆ ಹೋದ. ಡಾಕ್ಟರ್ ಬಾಯಿ ನನಗೆ ಇದನ್ನು ಹೇಳಿದ್ದು ಮಹಡಿಯ ಮೆಟ್ಟಿಲ ಮೇಲೆ ಕೂತು. “ಏನು ಹೇಳಬೇಕು ಸಾರ್ ಹಾಗಾದ್ರೆ?” ಎಂದರು. ಅವರು ನನ್ನನ್ನು ಕೇಳಿದ ಎರಡನೆಯ ಪ್ರಶ್ನೆ ಅದು. ಸ್ವಲ್ಪ ದಿನಕ್ಕೆ ಕೋಣೆ ಖಾಲಿ ಮಾಡಿದರು.

ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಯಾರೋ ತಿಳಿಸಿದರು. ಅವರ ಪ್ರಶ್ನೆಯನ್ನು ಮುಂದುವರಿಸಿದವರು ಇದ್ದಾರೋ ಇಲ್ಲವೋ... ಇಲ್ಲಿಗಂತೂ ಬುತ್ತಿ ಕಟ್ಟಿಕೊಂಡು ಯಾರೂ ಬಂದಿಲ್ಲ.

ಗುರುವಾರ ಮಲೀದಾ ತಂದವಳು ಹಿಂದಿನ ಮನೆಯ ಕಿರಿಮಗಳು.

“ಏನು ಹರಕಿ ಇತ್ತವಾ? ಯಾರಿಗರ ಆರಾಮ ಇರಲಿಲ್ಲೇನು?” ಎಂದೆ.

“ನಮ್ಮ ಅಕ್ಕಂದು ನಿಕಾಹ್ ಗೊತ್ತಾತು ಸರ್. ಪ್ರತಿ ಸಲ ಇದs ಕೇಳ್ತೀರಿ! ಮಂದಿ ಖುಷಿಲೆ ಕಂದೂರಿ ಮಾಡೋದೇ ಇಲ್ಲೇನ್ರಿ?”

“ಮಾಡ್ತಾರ, ಮಾಡ್ತಾರ” ಎಂದೆ. ಖುಷಿಯಿಂದಲೇ ಮಾಡುತ್ತಾರೆ.

ತಾಟು ಖಾಲಿ ಮರಳಿಸಬಾರದೆಂದು ನನ್ನ ಹೆಂಡತಿ ಸಕ್ಕರೆ ಹುಡುಕುವತನಕ ಹುಡುಗಿ ಹೊಸ್ತಿಲಲ್ಲಿ ನಿಂತು, ಉದ್ದನೆಯ ಜಡೆಯನ್ನು ಮುಂದಕ್ಕೆಳೆದು ಅದರ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ನಾನು ಬೇರೆ ಕಡೆ ನೋಡಿದೆ. ಅವಳು ಹೋದ ಮೇಲೆ ಮಲೀದಾ ಬಾಯಿಗಿಟ್ಟೆ. ಸಿಹಿಯಾಗಿಯೇ ಇತ್ತು.