ಕರಡಿಯಿಲ್ಲದ ದೇಶದಲ್ಲಿ ಕೊಬ್ಬು ಕಾಯಿಸಿದ್ದು

ಬಕ್ರೀದ್ ರಜೆಯ ಎರಡನೆಯ ದಿನ ಒಮಾನಿನ ಅಲ್ ಹೈಲ್‌ನ ನಮ್ಮ ಫ್ಲ್ಯಾಟಿನಿಂದ ನಾನೂ ಅತ್ತೆಯೂ ಸುವೈಕ್‌ಗೆ ಹೊರಟೆವು. ನೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ ದಾರಿ. ಎಂಬತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ಹಬ್ಬ ಸುಡುಬೇಸಗೆಯಲ್ಲೇ ಬರುತ್ತಿತ್ತು. ನನ್ನ ಹಳೆಯ ಕಾರಿನ ಎಸಿ ತಂಪು ಮಾಡುತ್ತಿದ್ದದ್ದು ಮುಂದಿನ ಎಡಬದಿಯ ಸೀಟನ್ನು ಮಾತ್ರ ಎನ್ನಬೇಕು. ಅಲ್ಲಿ ಎಡಬದಿಯ ಸೀಟು ಡ್ರೈವರನದ್ದು. ಅತ್ತೆಯ ಕಡೆಗೆ ತಿರುಗಿಸಿದ ಗಾಳಿ ಬಿಸಿಯಾಗಿಯೇ ಬರುತ್ತಿತ್ತು, ಅವರ ಲೆಕ್ಕದಲ್ಲಿ ಅದೂ ನನ್ನದೇ ತಪ್ಪಾಗಿತ್ತು.

ಅತ್ತೆ ಕಾರ್ಕಳದಿಂದ ಬಂದದ್ದು ಮಗಳ ಬಾಣಂತನಕ್ಕೆ. ಬಂದವರಿಗೆ ಮೊಣಕಾಲು ಹಿಡಿದುಕೊಂಡಿತು. ಕ್ಲಿನಿಕ್ಕಿನ ಮುಲಾಮು ಕಸದ ಬುಟ್ಟಿ ಸೇರಿತು. ಅವರ ಅಪ್ಪ ಹಿಂದಿನ ಕಾಲದಲ್ಲಿ ಕರಡಿ ಹೊಡೆದು, ಕೊಬ್ಬು ಕಾಯಿಸಿ ಭರಣಿಯಲ್ಲಿ ಇಟ್ಟಿದ್ದರಂತೆ. ಮನೆಮಂದಿಯ ಗಂಟುನೋವಿಗೆಲ್ಲ ಅದೇ ಮದ್ದು.

"ಕರಡಿ ಕೊಬ್ಬೇ ಆಗ್ಬೇಕು. ಇಲ್ಲದಿದ್ರೆ ನಂಗೆ ಟಿಕೆಟ್ ಮಾಡಿ. ಈ ಕಾಲು ಹಿಡ್ಕೊಂಡು ಬಾಣಂತನ ಆಗುದಿಲ್ಲ" ಎಂದರು. ಎಂಟು ತಿಂಗಳು ತುಂಬಿದ ನನ್ನ ಹೆಂಡತಿ ಅಳತೊಡಗಿದಳು. 

ಆಫೀಸಿನ ಒಮಾನಿ ಗೆಳೆಯ ಸಾಲಿಮನಿಗೆ ಹೇಳಿಕೊಂಡೆ. ಕರಡಿ ಇಲ್ಲ, ಆದರೆ ಹಬ್ಬದ ಕುರಿಯ ಬಾಲದ ತುಂಬ ಕೊಬ್ಬಿರುತ್ತದೆ, ತನ್ನ ಉಮ್ಮ ಅದನ್ನು ವರ್ಷಕ್ಕಾಗುವಷ್ಟು ಕಾಯಿಸಿಡುತ್ತಾಳೆ, ಸುವೈಕ್‌ನ ತಮ್ಮ ಮನೆಗೆ ಬನ್ನಿ ಎಂದ.

"ಕುರಿಯದ್ದಾ? ನೋಡುವ. ಕಾಯಿಸುದು ಮಾತ್ರ ನಾನೇ" ಎಂದು ಅತ್ತೆ ಅಪ್ಪಣೆ ಕೊಟ್ಟರು.

ಸುವೈಕ್‌ನಲ್ಲಿ ನಾನೂ ಸಾಲಿಮೂ ಆಚೀಚೆ ಹಿಡಿದು ಅವರನ್ನು ಕಾರಿನಿಂದ ಇಳಿಸಿದೆವು. ಖರ್ಜೂರ, ಕಾಫಿ ಆದ ಮೇಲೆ ಹಿತ್ತಲಿಗೆ ಹೋದೆವು. ಸಾಲಿಮನ ತಾಯಿ ಕೊಬ್ಬನ್ನು ಸಣ್ಣಗೆ ಹೆಚ್ಚಿ ಪಾತ್ರೆಗೆ ಹಾಕಿದ್ದರು. ಅತ್ತೆ ಸೆರಗು ಸಿಕ್ಕಿಸಿ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತೇಬಿಟ್ಟರು. ಆಕೆ ಸೌದೆ ಒಳಗೆ ತಳ್ಳುವುದು, ಇವರು ಹೊರಗೆ ಎಳೆಯುವುದು.

"ಬೆಂಕಿ ಜೋರಾದ್ರೆ ಕಪ್ಪಾಗ್ತದೆ ಅಂತ ಹೇಳಿ ಇವರಿಗೆ" ಎಂದರು ಅತ್ತೆ. ನಾನು ಹಿಂದಿಯಲ್ಲಿ ಸಾಲಿಮನಿಗೆ, ಅವನು ಅರಬಿಯಲ್ಲಿ ತಾಯಿಗೆ ಹೇಳುವಷ್ಟರಲ್ಲಿ ಸೌದೆ ಮತ್ತೆ ಒಳಗೆ ಹೋಗಿರುತ್ತಿತ್ತು.

ಕೊಬ್ಬು ಕರಗಿ ತಿಳಿಯಾಯಿತು. ಆಗ ಅತ್ತೆ, ನಮ್ಮ ಹೆಂಗಸರು ತುಪ್ಪ ಹದಕ್ಕೆ ಬಂದಿತೇ ಎಂದು ನೋಡಲು ಮಾಡುವಂತೆ, ಬೆರಳದ್ದಿ ನೀರು ಚಿಮುಕಿಸಿದರು. ಪಾತ್ರೆಯ ಕೊಬ್ಬು ಚಟಪಟನೆ ಸಿಡಿಯಿತು. ಕೋಳಿಗಳು ಬೇಲಿ ಹಾರಿದವು, ಇಬ್ಬರು ಮುದುಕಿಯರೂ ಒಟ್ಟಿಗೆ ಹಿಂದಕ್ಕೆ ಜಿಗಿದರು. ಸಾಲಿಮನ ತಾಯಿ ತುಂಬ ಹೊತ್ತು ಮಾತಾಡಿದರು.

"ನೀರು ಬಿದ್ದರೆ ಕೊಬ್ಬು ಕೆಡುತ್ತದಂತೆ" ಎಂದಷ್ಟೇ ಸಾಲಿಂ ಹೇಳಿದ. ಅವರ ಇಡೀ ವರ್ಷದ ದಾಸ್ತಾನು ಆ ಪಾತ್ರೆಯಲ್ಲಿತ್ತು. ಅತ್ತೆಗೆ ಊರಿನ ಟಿಕೆಟ್ ಗ್ಯಾರಂಟಿ ಎಂದುಕೊಂಡೆ.

"ನೀರು ಹೋಗುವಷ್ಟು ಕುದಿಸಿದ್ರಾಯ್ತಪ್ಪ" ಎಂದು ಅತ್ತೆ ಮತ್ತೆ ಕೂತರು. ಇಬ್ಬರೂ ಪಾತ್ರೆಗೆ ಕಿವಿಗೊಟ್ಟರು. ಚಟಪಟ ನಿಂತಾಗ ಆಕೆ "ಖಲಾಸ್" ಎಂದರು.

"ಹಾಂ, ಖಲಾಸ್" ಎಂದರು ಅತ್ತೆ. ಇಬ್ಬರೂ ಸೇರಿ ಬಟ್ಟೆಯಲ್ಲಿ ಸೋಸಿ, ಉಪ್ಪು ಬೆರೆಸಿ, ಹಾಲುಪುಡಿಯ ಡಬ್ಬಿಗಳಿಗೆ ತುಂಬಿದರು. ಒಂದು ಡಬ್ಬಿ ನಮಗೆ ಸಿಕ್ಕಿತು.

ಹಿಂದಿರುಗುವಾಗ ಡಬ್ಬಿ ಅತ್ತೆಯ ಮಡಿಲಲ್ಲಿತ್ತು. ಆ ಸೆಕೆಗೆ ಕೊಬ್ಬು ಹೆಪ್ಪುಗಟ್ಟುವ ಲಕ್ಷಣವೇ ಇರಲಿಲ್ಲ. ದಾರಿಯ ಬರ್ಕಾದಲ್ಲಿ ಪೆಟ್ರೋಲ್ ಹಾಕಿಸಿ ತಿರುಗಿದರೆ ಸೀಟಿನಲ್ಲಿ ಡಬ್ಬಿ ಮಾತ್ರ ಇದೆ. ಬಂಕಿನ ಅಂಗಳದ ಆಚೆಯ ಅಂಗಡಿಯಿಂದ ಅತ್ತೆ ಐಸಿನ ಚೀಲ ಅವುಚಿಕೊಂಡು ಸರಸರನೆ ಬರುತ್ತಿದ್ದರು. ಮನೆಯಲ್ಲಿ ಊಟದ ಮೇಜಿನ ತನಕ ಬರಲು ಅವರಿಗೆ ಇಬ್ಬರ ಆಸರೆ ಬೇಕಾಗುತ್ತಿತ್ತು.

"ಅತ್ತೆ, ಕಾಲು ನೋವು?"

"ಕಾಲಿಗೆ ಎಂತ ಆಗಿದೆ? ಮೊದಲು ಬಾಗಿಲು ತೆಗೀರಿ. ಇದು ಗಟ್ಟಿ ಆಗದೆ ಹಚ್ಚುದು ಹೇಗೆ?"

ಡಬ್ಬಿಯ ಮುಚ್ಚಳ ಇನ್ನೂ ತೆಗೆದಿರಲಿಲ್ಲ. ನಾನು ಕಾರಿನ ಬಾಗಿಲು ತೆಗೆದು, ಡಬ್ಬಿಯ ಸುತ್ತ ಐಸಿನ ಚೀಲ ಒತ್ತಿ ಕೊಟ್ಟೆ.