ಅಡುಗೆಮನೆಯ ತೀರ್ಪು

ನಮ್ಮ ಭಾವ ವಾರವಿಡೀ ಲಿಫ್ಟ್ ರಿಪೇರಿ ಮಾಡುತ್ತಾರೆ, ಭಾನುವಾರ ಮಾತ್ರ ಒಂದು ರಾಜ್ಯ ಆಳುತ್ತಾರೆ. ರಾಜ್ಯ ಇರುವುದು ಅವರ ಊಟದ ಮೇಜಿನ ಮೇಲೆ. ಎದುರುಮನೆಯ ಕ್ಷೌರಿಕ ಸೇನಾಪತಿ, ಅವನ ಹೆಂಡತಿ ಮಾಟಗಾತಿ, ನಾನು ಕಳ್ಳ. ಭಾವ ಕಥೆ ಹೇಳುತ್ತಾ ನಮ್ಮನ್ನು ಸಂಕಟಕ್ಕೆ ಸಿಕ್ಕಿಸಿ, ಈಗೇನು ಮಾಡುತ್ತೀರಿ ಎಂದು ಕೇಳುತ್ತಾರೆ. ನಾವು ಬಾಯಿಗೆ ಬಂದದ್ದು ಹೇಳಿ ದಾಳ ಹಾಕುತ್ತೇವೆ. ಜಗಳ ಹತ್ತಿದರೆ ಭಾವ ಅಡುಗೆಮನೆಯತ್ತ ಕತ್ತು ತಿರುಗಿಸಿ ಅಕ್ಕನನ್ನು ಕೇಳುತ್ತಾರೆ. ಅಕ್ಕ ಪಾತ್ರೆ ತಿಕ್ಕುತ್ತಲೇ ತೀರ್ಪು ಕೊಡುತ್ತಾಳೆ. ಅದಕ್ಕೆ ಮೇಲ್ಮನವಿ ಇಲ್ಲ.

ಈ ಆಟವನ್ನು ಪೆಟ್ಟಿಗೆಗೆ ತುಂಬಿ ಮಾರಬೇಕೆಂಬ ಹುಚ್ಚು ಭಾವನ ತಲೆಗೆ ಹೊಕ್ಕಿತು. ಜೀವಮಾನವೆಲ್ಲ ಬೇರೆಯವರನ್ನು ಮೇಲೆ ಕಳಿಸಿದ್ದಾಯಿತು, ತಾವೂ ಸ್ವಲ್ಪ ಮೇಲೆ ಬರಬೇಡವೇ ಎಂದರು. ಆಟಿಕೆ ಅಂಗಡಿಯ ಯಜಮಾನ ಒಂದು ಷರತ್ತು ಹಾಕಿದ: ಗುರುತಿಲ್ಲದವರು ನಿಯಮದ ಪುಸ್ತಕ ನೋಡಿಯೇ ಆಡಬೇಕು, ಭಾವ ತುಟಿ ಬಿಚ್ಚಬಾರದು. ಆಟ ನಡೆದರೆ ಅಂಗಡಿಯ ಕಿಟಕಿಯಲ್ಲಿ ಜಾಗ, ಇಲ್ಲದಿದ್ದರೆ ದೂರದಿಂದಲೇ ನಮಸ್ಕಾರ.

ಭಾವ ರಜೆ ಹಾಕಿ ಬರೆಯಲು ಕೂತರು. ಲಿಫ್ಟಿನ ಕೈಪಿಡಿ ಬಿಟ್ಟು ಬೇರೇನನ್ನೂ ಓದದವರ ಬರವಣಿಗೆ ಹೇಗಿರಬೇಕೋ ಹಾಗೇ ಇತ್ತು. ಮಾಟಗಾತಿ ಗರಿಷ್ಠ ಎಷ್ಟು ತೂಕ ಹೊರಬಹುದು ಎಂಬುದಕ್ಕೇ ಒಂದು ಪುಟ. ಅಕ್ಕನನ್ನು ಪೆಟ್ಟಿಗೆಯಲ್ಲಿ ಹಾಕಿ ಮಾರಲಾಗದಲ್ಲ, ಅವಳ ಬದಲಿಗೆ ತೀರ್ಪಿನ ಕೋಷ್ಟಕವೊಂದನ್ನು ಮಾಡಿದರು. ಮುಚ್ಚಳದ ಮೇಲೆ ತಮ್ಮದೇ ಫೋಟೊ, ಕೈಯಲ್ಲಿ ರಟ್ಟಿನ ಕತ್ತಿ.

ಪರೀಕ್ಷೆಯ ದಿನ ಯಜಮಾನ ಕರೆತಂದವರು ಭಾವನ ಮನೆಯ ಮೇಜಿನ ಸುತ್ತ ಕೂತರು, ನಾವು ಗೋಡೆಗೊರಗಿ ನಿಂತೆವು. ಕುರ್ಚಿ ಇನ್ನೂ ಬಿಸಿಯಾಗಿರಲಿಲ್ಲ, ಕಳ್ಳನ ಪಾತ್ರ ವಹಿಸಿದ್ದ ಬ್ಯಾಂಕಿನ ಹೆಂಗಸು ಕಥೆಯ ಬಾವಿಗೆ ಬಿದ್ದಳು. ಕೋಷ್ಟಕದ ಪ್ರಕಾರ ಸಾವು. ಆಕೆ ಮುಖ ಊದಿಸಿಕೊಂಡು ಚೀಲ ಹೆಗಲಿಗೇರಿಸಿದಳು. ಯಜಮಾನ ಗಡಿಯಾರ ನೋಡಿಕೊಂಡ. ಭಾವ ಕರವಸ್ತ್ರ ಕಚ್ಚಿ ನಿಂತಿದ್ದರು.

ಆಗ ಒಳಗಿನಿಂದ ಅಕ್ಕನ ದನಿ ಬಂತು. "ಬಾವಿಲಿ ನೀರಿದ್ಯಾ ಇಲ್ವಾ ಅಂತ ಯಾರಾದ್ರೂ ಕೇಳಿದ್ರಾ? ಸಾಯಲ್ಲ ಬಿಡಿ. ಬಟ್ಟೆ ಒದ್ದೆ ಆಗುತ್ತೆ, ಅಷ್ಟೆ."

ಚೀಲ ಕೆಳಗಿಳಿಯಿತು. ಆಮೇಲೆ ಪುಸ್ತಕವನ್ನು ಯಾರೂ ಮುಟ್ಟಲಿಲ್ಲ, ಪ್ರತಿಯೊಂದಕ್ಕೂ ಅಡುಗೆಮನೆಗೆ ಕೂಗು ಹಾಕಿ ಮನಸಾರೆ ಆಡಿದರು. ಹೊರಡುವಾಗ ಯಜಮಾನ, ಕೋಷ್ಟಕ ಕಿತ್ತುಹಾಕಿ, ಆಟದಲ್ಲಿಲ್ಲದ ಒಬ್ಬರು ಒಳಗಿನಿಂದ ತೀರ್ಪು ಹೇಳಬೇಕೆಂದು ನಿಯಮ ಬರೆಯಿರಿ, ಕಿಟಕಿಯಲ್ಲಿ ಇಡುತ್ತೇನೆ ಎಂದ.

ಭಾವ ಹಿಗ್ಗಿ ಹೀರೇಕಾಯಿಯಾದರು. ದೊಡ್ಡ ಮನಸ್ಸು ಮಾಡಿ, ಮುಚ್ಚಳದ ಮೂಲೆಯಲ್ಲಿ ಅಕ್ಕನದೂ ಒಂದು ಫೋಟೊ ಹಾಕಿಸೋಣ ಎಂದರು.

"ಫೋಟೊ ಯಾರಿಗೆ ಬೇಕು," ಅಕ್ಕ ಅಂದಳು. "ಇಷ್ಟು ವರ್ಷ ಆಡಿದ್ರಲ್ಲ, ಬಾ ಕೂತ್ಕೋ ಅಂತ ಒಬ್ರಾದ್ರೂ ಕರೆದ್ರಾ?"

ನಾವು ಮತ್ತೆ ಮೇಜಿನ ಸುತ್ತ ಸೇರಿದೆವು. ನಾನು ನನ್ನ ಕುರ್ಚಿಯನ್ನೂ ಕಳ್ಳತನವನ್ನೂ ಅವಳಿಗೆ ಬಿಟ್ಟುಕೊಟ್ಟೆ. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಕೂತಳು, ದಾಳ ಹಾಕಿದಳು, ನೆಟ್ಟಗೆ ಹೋಗಿ ಬಾವಿಗೆ ಬಿದ್ದಳು.

ಅಭ್ಯಾಸಬಲದಿಂದ ಎಲ್ಲರೂ ಅಡುಗೆಮನೆಯತ್ತ ತಿರುಗಿದೆವು. ಅಲ್ಲಿ ಅರ್ಧ ತಿಕ್ಕಿದ ಪಾತ್ರೆಗಳಷ್ಟೇ ಇದ್ದವು. ಅಕ್ಕ ದಾಳವನ್ನೇ ನೋಡುತ್ತಾ ಕೂತಿದ್ದಳು, ಬಿಟ್ಟರೆ ಅಳುವ ಹಾಗೆ.

ಭಾವ ಎದ್ದು ಒಳಗೆ ಹೋದರು. ನಲ್ಲಿ ತಿರುಗಿಸಿದ ಸದ್ದು ಕೇಳಿಸಿತು, ಪಾತ್ರೆ ತಿಕ್ಕುವ ಸದ್ದು ಕೇಳಿಸಿತು, ಆಮೇಲೆ ಅವರ ದನಿ.

"ಸಾಯಲ್ಲ ಬಿಡಿ."